ಕೌಂಟರಿನ ಹುಡುಗಿಯ ನೀಲಿ ಸೀರೆ

ಆ ವಿಮಾನ ಕಂಪನಿ ನಷ್ಟವಾಗಿ ಮುಚ್ಚಿತು ಎನ್ನುತ್ತಾರೆ. ಸುಳ್ಳು. ದೊಡ್ಡವರು ಹಿಂಬಾಗಿಲಿನಿಂದ ಓಡಿಹೋಗಲು ಮುಂದೆ ಹೆಣ್ಣುಮಕ್ಕಳನ್ನು ನಿಲ್ಲಿಸಿದರು, ಅಷ್ಟೇ.

ಮೊನ್ನೆ ಶಿವಾಜಿನಗರದ ಬಸ್ಸಿನಲ್ಲಿ ಮುಂದಿನ ಸೀಟಿನವನು ಕಿಟಕಿಯಾಚೆ ಪಾನ್ ಉಗಿದ. ತಂಬಾಕಿನ ನಾತ ನನ್ನ ಮುಖಕ್ಕೇ ಬಡಿಯಿತು. ಮಹಡಿ ಮನೆಯಲ್ಲಿದ್ದ ಆ ಹುಡುಗಿ ನೆನಪಾದಳು...

ತೊಂಬತ್ತರ ದಶಕ. ಹಲಸೂರಿನಲ್ಲಿ ನನ್ನದು ಇಸ್ತ್ರಿ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಅವಳ ಮನೆ. ಅವಳು ಆ ಕಂಪನಿಯ ಟಿಕೆಟ್ ಕೌಂಟರಿನಲ್ಲಿದ್ದಳು. ತಾಯಿ, ತಮ್ಮ ಅವಳ ದುಡಿಮೆಯಲ್ಲೇ ಉಣ್ಣಬೇಕಿತ್ತು. ಕಂಪನಿ ಕೊಟ್ಟ ನೀಲಿ ಸೀರೆಯ ನೆರಿಗೆ ಚೂರು ಸೊಟ್ಟಗಾದರೂ ಬೈಗುಳ. ಅದಕ್ಕೆ ನಾನು ನೆರಿಗೆ ಹಿಡಿದು, ಪಿನ್ನು ಚುಚ್ಚಿಯೇ ಇಸ್ತ್ರಿ ಮಾಡಿಕೊಡುತ್ತಿದ್ದೆ. ಕಂಪನಿ ಶುರುವಾದಾಗ ವಿಮಾನಕ್ಕೆ ಹೂವಿನ ಹಾರ, ಪೇಪರಿನಲ್ಲಿ ಫೋಟೊ. ಕೆಲವೇ ವರ್ಷಕ್ಕೆ ವಿಮಾನಗಳು ಒಂದೊಂದಾಗಿ ನಿಂತವು. ಸೀರೆ ಮಾತ್ರ ದಿನಾ ಬರುತ್ತಿತ್ತು.

"ಹಾರೋದೇ ಇಲ್ವಲ್ಲೇ, ಇನ್ಯಾರಿಗೆ ಈ ಅಲಂಕಾರ?" ಎಂದೆ.

"ದಿನಾ ಯೂನಿಫಾರ್ಮ್‌ನಲ್ಲಿ ಬಂದ್ರೆ, ಮತ್ತೆ ಶುರುವಾದಾಗ ಮೊದ್ಲು ನಮ್ಮನ್ನೇ ತಗೋತಾರಂತೆ ಅಕ್ಕಾ. ಮ್ಯಾನೇಜರ್ ಹೇಳಿದಾರೆ."

"ನಿನ್ನ ಮ್ಯಾನೇಜರ್ ಎಲ್ಲಿ ಕೂತಿರ್ತಾನೆ?"

"ಒಳಗೆ... ಚಿಲಕ ಹಾಕ್ಕೊಂಡು."

ಒಂದು ಸಂಜೆ ಸೆರಗನ್ನು ಮುದ್ದೆ ಮಾಡಿ ಹಿಡಿದುಕೊಂಡು ಬಂದಳು. ಟಿಕೆಟ್ ಇದ್ದೂ ವಿಮಾನವಿಲ್ಲದ ಒಬ್ಬಾತ ಬಾಯಿಗೆ ಬಂದಂತೆ ಬೈದು, ಸಾಲದೆ ಮೈಮೇಲೆ ಪಾನ್ ಉಗಿದಿದ್ದ. ಮ್ಯಾನೇಜರ್ ಬಾಗಿಲು ತೆಗೆಯಲಿಲ್ಲ. ಇವಳು ಉಗಿದವನಿಗೇ ಕೈಮುಗಿದು ನಕ್ಕಳಂತೆ. ಹಾಗೇ ಕಲಿಸಿದ್ದರಂತೆ. ಥೂ!

ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯೊಂದರಲ್ಲಿ ಅವಳಿಗಾಗಿ ನಾನು ಕೆಲಸ ಕೇಳಿಟ್ಟಿದ್ದೆ.

"ಅಂಗಡಿಯವ್ರು ನಾಳೆ ಕಡೇ ದಿನ ಅಂದವ್ರೆ. ಹೋಗ್ತೀಯೋ ಇಲ್ವೋ?"

"ಇನ್ನೊಂದ್ ಸ್ವಲ್ಪ ದಿನ ಕೌಂಟರಿಗೇ ಹೋಗ್ತೀನಿ ಅಕ್ಕಾ. ಕಲೆ ಹೋಗತ್ತಲ್ವಾ? ಬೆಳಿಗ್ಗೆಗೆ ಬೇಕು."

ಆ ಕಂಪನಿ ಮತ್ತೆ ಹಾರಲಿಲ್ಲ. ನಾನು ಮಾಡಿದ್ದಕ್ಕೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಲಿಂಗರಾಜಪುರಕ್ಕೆ ಮನೆ ಬದಲಿಸುವಾಗಲೂ ಹೇಳಿಹೋಗಲಿಲ್ಲ. ಈಗ ಅವಳೇ ಇಲ್ಲ. ಹೋದ ವರ್ಷ ತೀರಿಕೊಂಡಳೆಂದು ಅವಳ ತಮ್ಮ ಹೇಳಿದ. ಒಂದು ಮಾತಾದರೂ ಆಡಿ ಹೋಗಬಹುದಿತ್ತು... ಇರಲಿ. ನಾನು ಮಾಡಿದ್ದು ಸರಿಯೇ.

ಆ ಸಂಜೆಯೇ ಸೀರೆ ಒಗೆದಿದ್ದೆ; ಕಲೆ ಹೋಗಿತ್ತು, ಸೀರೆಯೂ ಒಣಗಿತ್ತು. ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲಿಳಿಯುವ ಸದ್ದಾದ ಕೂಡಲೇ ಅದನ್ನೆತ್ತಿ ಮತ್ತೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ನನ್ನದೊಂದು ಹತ್ತಿಸೀರೆ ಅವಳ ಕೈಗಿಟ್ಟು, ಅಂಗಡಿಗೆ ಬೀಗ ಜಡಿದು, ಅಳುತ್ತಿದ್ದವಳನ್ನು ಕಮರ್ಷಿಯಲ್ ಸ್ಟ್ರೀಟಿಗೆ ಎಳೆದುಕೊಂಡು ಹೋದೆ.