ಜೇನಿಗೆ ಜಾಲರಿಯ ನೆಲ

ಈಗಲೂ ಕಣ್ಣು ಮುಚ್ಚಿದರೆ ಮಾವ ಜೇನುಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಿರುವುದೇ ಕಾಣುತ್ತದೆ. ಮುಖದ ತುಂಬ ಜೇನು. ನಾನು ಹತ್ತು ಹೆಜ್ಜೆ ದೂರದಲ್ಲಿ.

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವಾಗ ಸಿಗುವ ನಮ್ಮ ತೋಟದಲ್ಲಿ ಎರಡು ಜೇನುಪೆಟ್ಟಿಗೆಗಳಿವೆ. ಮಾವ, ಅಂದರೆ ನನ್ನ ಗಂಡನ ತಂದೆ, ಮಕ್ಕಳಿಗಿಂತ ಹೆಚ್ಚಾಗಿ ಅವನ್ನು ಸಾಕಿದವರು. ಒಂದರ ತಳದ ಹಲಗೆಯ ಮೇಲೆ ಮೇಣದ ಪುಡಿ ಕೂತು, ಅದರಲ್ಲಿ ಹುಳು ಬಿದ್ದು, ಗೂಡಿಗೇ ಹತ್ತತೊಡಗಿತ್ತು. ಎಷ್ಟು ಗುಡಿಸಿದರೂ ಮತ್ತೆ ಅದೇ ಕಥೆ. ಕೊನೆಗೆ ಮಾವ ತಾವೇ ಹೊಸ ಅಡಿಹಲಗೆ ಮಾಡಲು ಕೂತರು. ಮುರಿದ ಮಂಚದ ಪಟ್ಟಿಗಳಿಂದ ಚೌಕಟ್ಟು, ನಡುವೆ ತಂತಿಯ ಜಾಲರಿ, ಕೆಳಗೆ ಬೆಂಕಿಪೊಟ್ಟಣದಂತೆ ಎಳೆಯಬಹುದಾದ ತಗಡಿನ ತಟ್ಟೆ. ಕಸವೂ ಹುಳುವೂ ಜಾಲರಿಯಿಂದ ತಟ್ಟೆಗೆ ಬೀಳಬೇಕು, ಬೆಳಿಗ್ಗೆ ಎಳೆದು ಕೊಡವಿದರಾಯಿತು.

"ನನ್ ಉಳ್ಳಿ ಜರ್ಡಿ ಎಲ್ಲಿ?" ಅಂದರು ಅತ್ತೆ, ಹುರುಳಿ ಜರಡಿ ಹಿಡಿಯಲು ಕೂತವರು.

"ಜೇನಿನ್ ಮನೆಗೆ ನೆಲ ಆಯ್ತು ಕಣಮ್ಮಿ."

"ನಮ್ಮಟ್ಟಿ ಬಾಗ್ಲು ಜೋತಾಡ್ಕಂಡು ವರ್ಸ ಆಯ್ತು, ಅದ್ಕೊಂದು ಮೊಳೆ ಒಡೀನಿಲ್ಲ. ಜೇನಿಗೆ ಗೃಹಪ್ರವೇಸ ಮಾಡ್ತಾವ್ರೆ ನೋಡವ್ವ, ನಿಮ್ಮಾವ!"

ಅತ್ತೆ ಅಣಕಿಸಿದ್ದನ್ನು ಮಾವ ನಿಜವಾಗಿಯೂ ಮಾಡಿದರು. ಜೇನು ಒಳಗೆ ಹೋಗುವ ಕಂಡಿಯ ಮುಂದೆ ಹೊಸ್ತಿಲಿನಂತೆ ಒಂದು ಅಂಚು ಬಿಟ್ಟಿದ್ದರು. "ಇದು ಒಸ್ಲು. ಒಸ್ಲಿಗೆ ಪೂಜೆ ಮಾಡ್ದೆ ಒಕ್ಕಲಾಗಕ್ಕಾದದಾ?" ಎನ್ನುತ್ತ ವಿಭೂತಿಯ ಮೂರು ಗೆರೆ ಎಳೆದು, ಪಚ್ಚಬಾಳೆ ಹಣ್ಣೊಂದಕ್ಕೆ ಗಂಧದಕಡ್ಡಿ ಚುಚ್ಚಿ ಅಲ್ಲೇ ಇಟ್ಟರು. ಕಳಿತ ಹಣ್ಣು ಸೀಳಿ ಅಂಚಿಗೆಲ್ಲ ಮೆತ್ತಿಕೊಂಡಿತು.

ನನಗೆ ಬಿ.ಎಸ್ಸಿ. ಲ್ಯಾಬ್ ನೆನಪಾಯಿತು. ಅಲ್ಲೊಮ್ಮೆ ನಾವು ತಯಾರಿಸಿದ ದ್ರವ ಥೇಟ್ ಬಾಳೆಹಣ್ಣಿನ ವಾಸನೆ ಬೀರಿದಾಗ ಮೇಡಂ ಹೇಳಿದ್ದರು: ಜೇನು ಕಚ್ಚುವಾಗ ಬಿಡುವುದೂ ಇದೇ ವಾಸನೆ, ಉಳಿದವಕ್ಕೆ ಅದು ದಾಳಿಯ ಕರೆ. ಬಾಯಿ ತೆರೆದೆ. ಆದರೆ ಮಾವ ಕಣ್ಣು ಮುಚ್ಚಿ ಕೈಮುಗಿದಿದ್ದರು. ಅರ್ಧ ಪೂಜೆಯಲ್ಲಿ ಸೊಸೆ ಕೆಮಿಸ್ಟ್ರಿ ಪಾಠ ಹೇಳುವುದೇ? ನಾನೂ ಕೈಮುಗಿದೆ.

ಮಾವ ತೆಂಗಿನ ನಾರಿನ ಹೊಗೆ ಹಾಕಿ, ಹಳೆಯ ಹಲಗೆಯಿಂದ ಪೆಟ್ಟಿಗೆಯನ್ನು ಎತ್ತಿ, ಪಕ್ಕದ ಕಲ್ಲಿನ ಮೇಲಿದ್ದ ಹೊಸದರ ಬಳಿಗೆ ತಂದರು. ಅಷ್ಟೇ. ಒಳಗಿನಿಂದ ಲಾರಿ ಇಂಜಿನ್ ಚಾಲೂ ಆದಂಥ ಸದ್ದು. ಹುಬ್ಬು, ರೆಪ್ಪೆ, ಕಿವಿ ಎಲ್ಲ ಕಡೆ ಕಚ್ಚಿದವು. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಪೆಟ್ಟಿಗೆಯನ್ನು ಮಾತ್ರ ಬಿಡಲಿಲ್ಲ. ಕೈಬಿಟ್ಟು ಓಡಿದ್ದರೆ ಗೂಡು ಚೂರಾಗಿ ಇಡೀ ಜೇನೇ ಅವರ ಬೆನ್ನು ಹತ್ತುತ್ತಿತ್ತು.

"ಅಲ್ಗೆ ಎಲ್ಲದವ್ವ? ಏಳು ಮಗ, ಕಾಣಾಕಿಲ್ಲ!"

ಹೇಳಬೇಕಾದ ನಾನು ಹಲಗೆಯನ್ನೇ ನೋಡುತ್ತ ನಿಂತುಬಿಟ್ಟೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಮಾವ ಹತ್ತು ಎಣಿಸುವಷ್ಟು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

"ಎಡಕ್ಕೆ, ಮಾವ!" ಕಿರುಚಿದೆ. "ಇನ್ನೊಂದು ಗೇಣು! ಸ್ವಲ್ಪ ಮುಂದೆ! ಹಾಂ, ಇಳಿಸಿ!"

ಪೆಟ್ಟಿಗೆ ಸರಿಯಾಗಿ ಕೂತಿತು. ಓಡಿ ಬಂದ ಮಾವನ ಮೇಲೆ ಅತ್ತೆ ಒದ್ದೆ ಕಂಬಳಿ ಹೊದಿಸಿ ಒಳಗೆ ಎಳೆದುಕೊಂಡರು. ಉಗುರಿನಿಂದ ಮುಳ್ಳು ಕೆರೆದು ತೆಗೆಯುವಷ್ಟರಲ್ಲಿ ಅವರ ಮುಖ ಹಲಸಿನಹಣ್ಣಾಗಿತ್ತು. ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಊದಿದ ತುಟಿಯಿಂದಲೇ ನರ್ಸಿಗೆ ಅಡಿಹಲಗೆಯ ವರ್ಣನೆ ಶುರುವಾಯಿತು.

"ಸುಮ್ನಿರಿ ತಾತ, ಇಂಜೆಕ್ಷನ್ ಚುಚ್ಬೇಕು."

"ಮೂವತ್ತಾಗವೆ ಕಣವ್ವ, ನಿಂದೂ ಒಂದು ಸೇರ್ಸ್‌ಬುಡು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಅತ್ತರು.

ಮೂರನೆಯ ದಿನ ಮಾವನ ಕಣ್ಣು ತೆರೆದವು. ತಟ್ಟೆ ಎಳೆದು ನೋಡಿದರೆ ಮೇಣದ ಪುಡಿ, ನಾಲ್ಕು ಹುಳು. ಜಾಲರಿ ಕೆಲಸ ಮಾಡಿತ್ತು. ಅವರ ಸಂಭ್ರಮ ನೋಡಿ ಇನ್ನು ಮುಚ್ಚಿಡಲಾರದೆ ಲ್ಯಾಬಿನ ಕಥೆ ಹೇಳಿಬಿಟ್ಟೆ.

"ಗೊತ್ತಿತ್ತಾ ನಿಂಗೆ?"

"ಪೂಜೆ ನಿಲ್ಲಿಸಿ ಅಂತ ಹೇಗೆ ಹೇಳೋದು ಮಾವ?"

"ನನ್ ಮೂತಿ ನೋಡ್ಬುಟ್ಟು ಏಳು, ಎಂಗ ಏಳ್ಬೌದಿತ್ತು ಅಂತ." ಗದರಲು ಹೋದವರು ತುಟಿ ನೋವಿನಿಂದ ಮುಖ ಕಿವುಚಿ, ನಕ್ಕುಬಿಟ್ಟರು.

ನಿನ್ನೆ ಎರಡನೆಯ ಪೆಟ್ಟಿಗೆಗೂ ಅಡಿಹಲಗೆ ಶುರುವಾಯಿತು. ನಾನು ಪಕ್ಕದಲ್ಲಿ ಕೂತು ನೋಡಿದೆ.

"ಕಂಡಿ ಎತ್ತರ ಆಯ್ತು ಮಾವ. ಹಲ್ಲಿ ನುಗ್ಗುತ್ತೆ."

"ನುಗ್ಗಾಕಿಲ್ಲ ಬುಡು."

"ನುಗ್ಗುತ್ತೆ."

ಮಾವ ನನ್ನನ್ನೊಮ್ಮೆ, ಕಂಡಿಯನ್ನೊಮ್ಮೆ ನೋಡಿ, ಆಗ ತಾನೇ ಹೊಡೆದಿದ್ದ ಮೊಳೆ ಕೀಳತೊಡಗಿದರು.