ಗೋಸುಂಬೆಯ ಪಂಜರಕ್ಕೆ ಕೈ ಆಡಿಸಿದ ದಿನ

ಎರಡು ವರ್ಷದ ಹಿಂದಿನ ಬೇಸಿಗೆ. ಆಗ ನಾನು ಪುಣೆಯ ಕೋಥರೂಡದಲ್ಲಿ ಮನೆ ಮನೆಗೆ ಹೋಗಿ ಕಿಟಕಿಗಳಿಗೆ ಸೊಳ್ಳೆ ಜಾಳಿ ಹಾಕುವ ಕೆಲಸ ಮಾಡುತ್ತಿದ್ದೆ. ಬೈಲಹೊಂಗಲದಿಂದ ನನ್ನನ್ನು ಇಲ್ಲಿಗೆ ಕರೆತಂದ ಗಂಡ ಬಡಿಗ. ಅವನು ಚೌಕಟ್ಟು ಮಾಡುತ್ತಿದ್ದ, ನಾನು ಜಾಳಿ ಎಳೆದು ಬಿಗಿಯುತ್ತಿದ್ದೆ. ಅವನು ಸತ್ತ ಮೇಲೆ ಎರಡೂ ಕೆಲಸ ನನ್ನವಾದವು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಳತೆ ಬರೆದುಕೊಳ್ಳಲು ಅಷ್ಟು ಅಕ್ಷರ ಸಾಕಾಗಿತ್ತು.

ಸವಿತಾ ಎಂಬ ಹುಡುಗಿ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತ ಆರು ವರ್ಷ ನನ್ನ ಕೈಕೆಳಗೆ ಕೆಲಸ ಕಲಿತಳು. ಆಮೇಲೆ ದೊಡ್ಡ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದಳು. ಫೋನಿನಲ್ಲಿ ಕೆಲಸದ ವಿಡಿಯೋ ಹಾಕುತ್ತಾಳೆ, ಮರಾಠಿ ಜನ ಸಾಲುಗಟ್ಟಿ ಬರುತ್ತಾರೆ ಎಂದು ಕೇಳುತ್ತಿದ್ದೆ. ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ. ಬಸ್ಸು ಹಿಡಿಯಲು ಸುತ್ತು ಬಳಸಿ ಹೋಗುತ್ತಿದ್ದೆ.

ಧಾರವಾಡ ಕಡೆಯ ದೇಸಾಯರು ಮಾತ್ರ ನನ್ನವರಾಗಿಯೇ ಉಳಿದಿದ್ದರು. ಆಫೀಸಿನಿಂದ ನಿವೃತ್ತರಾದವರು. ಅವರ ಫ್ಲ್ಯಾಟಿನ ಹನ್ನೊಂದು ಕಿಟಕಿಗಳ ಜಾಳಿಯನ್ನೂ ನಾನೇ ಹಾಕಿದ್ದು. ಆ ಬೇಸಿಗೆಯಲ್ಲಿ ಬಚ್ಚಲ ಕಿಟಕಿಯ ಜಾಳಿ ಹರಿದಿದೆ ಎಂದು ಕರೆದರು. ಹೋದರೆ ಬಾಲ್ಕನಿಯಲ್ಲಿ ಹೊಸ ಪಂಜರವೊಂದು ನಿಂತಿತ್ತು. ಯಾರು ಮಾಡಿದ್ದು ಎಂದು ಕೇಳಿದೆ.

"ನಿಮ್ಮ ಸವಿತಾನ ರೀ. ಭಾಳ ಛಂದ ಮಾಡ್ಯಾಳಲ್ಲ ಗಂಗವ್ವ?"

ಆ 'ನಿಮ್ಮ' ಎಂಬುದು ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು.

ಅವರು ಗೋಸುಂಬೆ ಸಾಕುವವರಿದ್ದರು. ನಮ್ಮ ಹೊಲಗಳಲ್ಲಿ ಸಿಗುವುದನ್ನು ಸಾಕುವ ಹಾಗಿಲ್ಲ. ಇದು ಪರದೇಶದ ಜಾತಿ, ಕಾಗದಪತ್ರ ಎಲ್ಲ ಇವೆ, ನಾಳೆ ಬರುತ್ತದೆ ಎಂದರು. ಪಂಜರದ ಒಂದೊಂದು ಭಾಗವನ್ನೂ ತೋರಿಸಿದರು. ಎರಡು ಅಡಿ ಅಗಲ, ಎರಡು ಅಡಿ ಆಳ, ನಾಲ್ಕು ಅಡಿ ಎತ್ತರ. ಅದು ಗಿಡದ ಮೇಲೆ ಬದುಕುವ ಪ್ರಾಣಿ, ಅದಕ್ಕೆ ಎತ್ತರ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ಕಟ್ಟಿ ಎದೆರೋಗ ಬರುತ್ತದೆಂದು ನಾಲ್ಕೂ ಕಡೆ ಜಾಳಿ. ಅದು ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಅದಕ್ಕಾಗಿ ಮೇಲೊಂದು ಡಬ್ಬಿ ಇಟ್ಟು, ಸಣ್ಣ ತೂತು ಮಾಡಿ, ದಾಸವಾಳದ ಕುಂಡದ ಮೇಲೆ ಹನಿ ಬೀಳುವಂತೆ ಮಾಡಿದ್ದಳು. ದೀಪಗಳು ಎರಡು. ಉದ್ದನೆಯದು ಎಲುಬು ಗಟ್ಟಿಯಾಗಲು, ದುಂಡನೆಯದು ಮೈ ಕಾಯಿಸಿಕೊಳ್ಳಲು.

ಜಾಳಿ ನೋಡಿದೆ. ಸೊಳ್ಳೆ ಜಾಳಿಯಲ್ಲ, ದೊಡ್ಡ ಕಣ್ಣಿನ, ಪ್ಲಾಸ್ಟಿಕ್ ಹೊದಿಸಿದ ತಂತಿ. ಸಣ್ಣ ಕಣ್ಣಿನದಾದರೆ ಉಗುರು ಸಿಕ್ಕಿ ಕಿತ್ತುಹೋಗುತ್ತದಂತೆ. ನಾನಾಗಿದ್ದರೆ ಸೊಳ್ಳೆ ಜಾಳಿಯನ್ನೇ ಹಾಕುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅದು ಇನ್ನೂ ಉರಿಸಿತು.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಮಾಲು ಒಪ್ಪಿಸುವ ಮೊದಲು ಹಿರಿಯರು ಕಣ್ಣು ಮುಚ್ಚಿ ಅದರ ಮೇಲೆಲ್ಲ ಅಂಗೈ ಆಡಿಸಬೇಕು. ಎಲ್ಲಾದರೂ ತಂತಿಯ ತುದಿ ಎದ್ದಿದ್ದರೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಯಾರೂ ಕೇಳದಿದ್ದರೂ ಕೈ ಆಡಿಸಿದೆ. ತಪ್ಪು ಸಿಗಲೇಬೇಕು ಎಂದೇ ಆಡಿಸಿದೆ. ಮೂಲೆಗಳಲ್ಲಿ ಒಂದೂ ಚುಚ್ಚಲಿಲ್ಲ. ಕೊನೆಗೆ ಮೇಲಿನ ಜಾಳಿಗೆ ಕೈ ಹೋಯಿತು. ದುಂಡನೆಯ ದೀಪವನ್ನು ಸವಿತಾ ಜಾಳಿಯ ಮೇಲೇ ಇಟ್ಟಿದ್ದಳು, ಸರಿಯಾಗಿ ಹತ್ತುತ್ತದೆಯೇ ನೋಡಲು ದೇಸಾಯರು ಅದನ್ನು ಹಚ್ಚಿಟ್ಟಿದ್ದರು. ತಂತಿ ತಾಗಿ ಅಂಗೈ ಚುರ್ರೆಂದಿತು.

ಏನಾಗುತ್ತದೆಂದು ನನಗೆ ಕೂಡಲೇ ತಿಳಿಯಿತು. ಹಲ್ಲಿಯ ಹಾಗೆ ಅದೂ ಜಾಳಿ ಹಿಡಿದು ಮೇಲೆ ಹತ್ತುತ್ತದೆ, ದೀಪದ ಬುಡದಲ್ಲಿ ಜೋತುಬೀಳುತ್ತದೆ, ಮೈ ಸುಟ್ಟುಕೊಳ್ಳುತ್ತದೆ. ಏನಾದರೂ ಕಸರು, ಕೊರತೆ ಇದೆಯೇ ಎಂದು ದೇಸಾಯರು ಕೇಳಿದರು.

"ಏನೂ ಇಲ್ರಿ. ಛಲೋ ಅದ."

ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಪ್ರಾಣಿಯ ನೆನಪು ಒಂದು ಸಲವೂ ಬರಲಿಲ್ಲ. ಸವಿತಾಳಿಗೆ ಬೈಗುಳ ಬೀಳುವುದನ್ನು ಎಣಿಸಿಕೊಂಡೇ ಮಲಗಿದೆ.

ಐದನೆಯ ದಿನ ದೇಸಾಯರ ಫೋನು ಬಂತು. ಗೋಸುಂಬೆಯ ನೆತ್ತಿ ಮತ್ತು ಬೆನ್ನು ಸುಟ್ಟಿದೆ, ಡಾಕ್ಟರು ಉಳಿಯುವುದು ಗ್ಯಾರಂಟಿ ಇಲ್ಲ ಎಂದಿದ್ದಾರೆ, ಸವಿತಾಳನ್ನು ಕರೆಸಿದ್ದೇನೆ, ನೀವೂ ಬನ್ನಿ ಎಂದರು. ಹೊಸ ಪಂಜರದ ಕೆಲಸ ನನಗೇ ಸಿಗುತ್ತದೆಂದು ಅಳತೆಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ.

ರಟ್ಟಿನ ಪೆಟ್ಟಿಗೆಯಲ್ಲಿ ಆ ಪ್ರಾಣಿ ಕಪ್ಪಗಾಗಿ, ಹಗಲಲ್ಲೇ ಕಣ್ಣು ಮುಚ್ಚಿ ಮಲಗಿತ್ತು. ಬೆನ್ನಿನ ಏಣು ಬೊಬ್ಬೆ ಎದ್ದು ಬಿಳಿಚಿತ್ತು. ಪಂಜರ ತೆಗೆದುಕೊಂಡು ಹೋಗು, ಇನ್ನು ಈ ಸೊಸೈಟಿಯೊಳಗೆ ನಿನಗೆ ಕೆಲಸ ಸಿಗದ ಹಾಗೆ ಮಾಡುತ್ತೇನೆ ಎಂದು ದೇಸಾಯರು ಸವಿತಾಳಿಗೆ ಹೇಳುತ್ತಿದ್ದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವಶಿ, ಅವತ್ತ ನೀವು ಕೈ ಆಡಿಸಿದ್ರಂತ. ಮ್ಯಾಲಿನ ಜಾಳಿಗೂ ಆಡಿಸಿದ್ರೇನ್ರಿ?"

"ಆಡಿಸಿದೆ."

"ದೀಪ ಹತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ಹತ್ತಿತ್ತು, ಆದರೆ ಬಿಸಿ ತಿಳಿಯಲಿಲ್ಲ ಎಂದೂ ಹೇಳಬಹುದಿತ್ತು. ಆದರೆ ನನ್ನ ಕೈಗೆ ತಿಳಿಯಲಿಲ್ಲ ಎಂದು ಅವಳ ಮುಂದೆ ಒಪ್ಪಿಕೊಳ್ಳಲು ನನಗೆ ಸಾಧ್ಯವಿರಲಿಲ್ಲ. ಸತ್ಯ ಹೇಳಿದ್ದು ಒಳ್ಳೆಯತನದಿಂದಲ್ಲ, ಸೊಕ್ಕಿನಿಂದ.

"ಹತ್ತಿತ್ತು. ಕೈ ಸುಟ್ಟಿತು. ನಿನ್ನ ಹೆಸರು ಕೆಡ್ಲಿ ಅಂತ ಸುಮ್ಮನಿದ್ದೆ."

ದೇಸಾಯರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಸವಿತಾ ನನ್ನನ್ನು ಬೈಯುತ್ತಾಳೆಂದುಕೊಂಡೆ. ಅವಳು ಅವರಿಗೆ ಹೇಳಿದಳು:

"ದೀಪ ಅಲ್ಲಿಟ್ಟಾಕಿ ನಾನ ರೀ ಸಾಹೇಬ್ರ. ಅದು ನನ್ನ ತಪ್ಪು. ಹೇಳದ ಇದ್ದದ್ದು ಇವರ ತಪ್ಪು. ನನ್ನದನ್ನ ನಾ ಸರಿ ಮಾಡಿ ಹೋಗ್ತೀನಿ."

ದೇಸಾಯರು ಹೂಂ ಎಂದರು. ಅಂದು ಮಧ್ಯಾಹ್ನವೇ ಸರಿ ಮಾಡಿದಳು. ದೀಪವನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ ಮೇಲೆತ್ತಿದಳು, ಮೇಲಿನ ಟೊಂಗೆಯನ್ನು ಒಂದು ಗೇಣು ಕೆಳಗಿಳಿಸಿದಳು, ಟೊಂಗೆಯ ಹತ್ತಿರ ಥರ್ಮಾಮೀಟರ್ ಕಟ್ಟಿದಳು. ಸ್ಟ್ಯಾಂಡು ಹಿಡಿದು ನಿಂತವಳು ನಾನು. ಗೋಸುಂಬೆ ಸಾಯಲಿಲ್ಲ. ಎರಡು ತಿಂಗಳು ಮುಲಾಮು ಹಚ್ಚಿದರು. ಬೆನ್ನಿನ ಮೇಲೆ ಬೆರಳಗಲ ಜಾಗಕ್ಕೆ ಮಾತ್ರ ಇವತ್ತಿಗೂ ಬಣ್ಣ ಏರುವುದಿಲ್ಲವಂತೆ.

ದೇಸಾಯರು ಮತ್ತೆ ನನ್ನನ್ನು ಕರೆಯಲಿಲ್ಲ. ಕಿಟಕಿಯ ಕೆಲಸವೂ ಈಗ ಸವಿತಾಳದ್ದೇ. ಅದು ಸರಿಯಾದದ್ದೇ.

ಹೊಸ ನಮೂನೆಯ ಕೆಲಸ ಬಂದಾಗ ಸವಿತಾ ನನಗೆ ಹೇಳಿಕಳಿಸುತ್ತಾಳೆ. ಪ್ರೀತಿಯಿಂದಲ್ಲ, ತಪ್ಪು ಹುಡುಕಲು ನನ್ನಷ್ಟು ಹಟದವರು ಅವಳಿಗೆ ಬೇರೆ ಸಿಕ್ಕಿಲ್ಲ. ಹೋಗುತ್ತೇನೆ. ಕೆಲಸ ಚೆನ್ನಾಗಿದ್ದರೆ ಹೊಟ್ಟೆ ಉರಿಯುತ್ತದೆ. ಈ ವಯಸ್ಸಿನಲ್ಲಿ ಅದು ಹೋಗುವಂಥದ್ದಲ್ಲ, ಹೋಗಲಿ ಎಂದು ದೇವರಿಗೆ ಬೇಡಿಕೊಂಡೂ ಇಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಂಡ ತಪ್ಪನ್ನು ಅಲ್ಲೇ ನಿಂತು ಹೇಳಬೇಕು; ಉರಿದುಕೊಳ್ಳುವುದನ್ನು ಮನೆಗೆ ಹೋದ ಮೇಲೆ ಇಟ್ಟುಕೊಳ್ಳಬೇಕು.