ಲಗ್ನಪತ್ರಿಕೆಯಲ್ಲಿ ಹಾಕಿಸಿದ ಹುದ್ದೆ

ತಂಗಿಗಾಗಿ ಕೋರ್ಟಿಗೆ ಹೋಗಿ ಒಂದು ನಿಜ ಹೇಳಬೇಕಿತ್ತು. ನಾನು ಹೋಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಎಲ್ಲೋ ಒಂದು ಕಡೆ ಅಡಗಿಸಿಬಿಡುವ ಬುದ್ಧಿ ನನ್ನದು.

ನಾನು ಎಂಟನೇ ಕ್ಲಾಸಿಗೆ ಓದು ಬಿಟ್ಟವನು. ಟಿ. ನಗರದ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತೇನೆ, ಗಿರಾಕಿ ಎದ್ದುಹೋದ ಮೇಲೆ ಮಡಿಸುತ್ತೇನೆ. ತಂಗಿ ಬಿ.ಕಾಂ. ಮಾಡಿ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಆಸ್ಪತ್ರೆಯ ಬಿಲ್ಲುಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ದಿನವಿಡೀ ಅದೊಂದೇ ಕೆಲಸ. ಅವಳ ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅವಳ ಮದುವೆ ಗೊತ್ತಾದಾಗ ಪತ್ರಿಕೆ ಅಚ್ಚು ಹಾಕಿಸಿದ್ದು ನಾನು. ನಮ್ಮಲ್ಲಿ ಹೆಣ್ಣು ಗಂಡಿನ ಹೆಸರಿನ ಕೆಳಗೆ ಓದು, ಹುದ್ದೆ ಹಾಕಿಸುತ್ತಾರೆ. ಗಂಡಿನ ಕೆಳಗೆ ಬ್ಯಾಂಕ್ ಆಫೀಸರ್ ಎಂದಿತ್ತು. ಅದರ ಪಕ್ಕ ಏನು ಹಾಕಿಸಲಿ? ಮ್ಯಾನೇಜರ್ ಎಂದು ಹಾಕಿಸಿದೆ.

ತಂಗಿ ನೋಡಿ ನಕ್ಕಳು. "ಅಣ್ಣಾ, ನನ್ನ ಮ್ಯಾನೇಜರಿಗೇ ಇದನ್ನ ಕೊಡಬೇಕಲ್ಲೋ! ಅವನು ಎಲ್ಲಿಗೆ ಹೋಗ್ತಾನೆ?"

"ಪರವಾಯಿಲ್ಲ, ಕೊಡು. ಅವನಿಗೂ ಬುದ್ಧಿ ಬರ್ಲಿ," ಎಂದೆ. ಇಡೀ ಆಫೀಸಿಗೆ ಹಂಚಿದಳು.

ಎರಡು ವರ್ಷದ ಮೇಲೆ ಅವಳ ಮೇಲೆ ಏನೋ ತಪ್ಪು ಹೊರಿಸಿ ಕೆಲಸದಿಂದ ತೆಗೆದರು. ಆ ಕಾಗದ ನೋಡಿದ ಬೇರೆ ಯಾವ ಕಂಪನಿಯೂ ಅವಳನ್ನು ತೆಗೆದುಕೊಳ್ಳಲಿಲ್ಲ. ಆ ಕೆಲಸ ವಾಪಸ್ ಸಿಕ್ಕಿದರೆ ಮಾತ್ರ ಅವಳಿಗೆ ಅಂಟಿದ ಕಳಂಕ ಹೋಗುತ್ತಿತ್ತು. ಅದಕ್ಕೇ ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಅವಳು ಮ್ಯಾನೇಜರ್ ಆಗಿದ್ದಳು ಎಂದು ತೋರಿಸಲು ಕಂಪನಿಯವರು ಅಲ್ಲಿ ಹಾಜರುಪಡಿಸಿದ ಕಾಗದಗಳಲ್ಲಿ ಆ ಲಗ್ನಪತ್ರಿಕೆಯೂ ಇತ್ತು.

ತಂಗಿಯ ಲಾಯರಮ್ಮ ನನ್ನನ್ನು ಕರೆಸಿ, ಮಗುವಿಗೆ ಹೇಳುವಂತೆ ಹೇಳಿದರು. "ಇವಳು ಕಾರ್ಮಿಕಳು ಅಂತ ಆದ್ರೆ ಈ ಕೋರ್ಟು ಕೇಸು ಕೇಳುತ್ತೆ, ಕೆಲಸ ವಾಪಸ್ ಕೊಡಿಸುತ್ತೆ. ಮ್ಯಾನೇಜರ್ ಅಂತಾದ್ರೆ ಈ ಕೋರ್ಟಿಗೆ ಅಧಿಕಾರವೇ ಇಲ್ಲ, ಸಿವಿಲ್ ಕೋರ್ಟಿಗೆ ಹೋಗ್ಬೇಕು. ಅದೂ ಈ ಊರಲ್ಲಿ ಅಲ್ಲ. ಕೆಲಸಕ್ಕೆ ಸೇರುವಾಗ ರುಜು ಹಾಕಿದ ಕರಾರಿನಲ್ಲಿ ತಕರಾರೆಲ್ಲ ದೆಹಲಿಯಲ್ಲೇ ಅಂತ ಬರೆದಿದೆ. ಅಲ್ಲಿ ಗೆದ್ದರೂ ಪರಿಹಾರ ಸಿಕ್ಕೀತು, ಕೆಲಸ ಸಿಗಲ್ಲ. ಆ ಪದ ಹಾಕಿಸಿದವರು ನೀವು. ಜಂಭಕ್ಕೆ ಹಾಕಿಸಿದೆ ಅಂತ ನೀವೇ ಬಂದು ಹೇಳಿ."

ಬರುತ್ತೇನೆ ಎಂದೆ. ಆದರೆ ತಂಗಿಯ ಮಾವ ಪ್ರತಿ ವಿಚಾರಣೆಗೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಕೆಲಸ ಹೋದಂದಿನಿಂದ ಆ ಮನೆಯಲ್ಲಿ, "ಮ್ಯಾನೇಜರಮ್ಮನೋರು ಕಾಫಿ ಕೊಡ್ತಾರೋ, ಅದಕ್ಕೂ ಅರ್ಜಿ ಹಾಕ್ಬೇಕೋ?" ಎಂಬ ಕುಹಕ ಶುರುವಾಗಿತ್ತು. ಅವರ ಎದುರಿಗೇ ನಿಂತು, ಸುಳ್ಳು ಹೇಳಿ ಹೆಣ್ಣು ಕೊಟ್ಟೆ ಎನ್ನುವುದು ಹೇಗೆ?

ಸಾಕ್ಷಿ ಹೇಳಬೇಕಿದ್ದ ದಿನ ಅಂಗಡಿಗೆ ರಜೆ ಹಾಕಿ ತಾಂಬರಂ ಸ್ಟೇಷನ್ನಿಗೆ ಬಂದೆ. ಒಂದು ರೈಲು ಬಿಟ್ಟೆ. ಮುಂದಿನದಕ್ಕೆ ಹತ್ತೋಣ ಎಂದುಕೊಂಡು ಅದನ್ನೂ ಬಿಟ್ಟೆ. ತಂಗಿಯ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂದಾಗ ಆಫ್ ಮಾಡಿದೆ. ಕೂತ ಬೆಂಚಿನಿಂದ ಏಳಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಜ್ವರ ಎಂದು ಮಲಗಿದೆ.

ಆಮೇಲೆ ಬಂದ ತೀರ್ಪಿನಲ್ಲಿ ಅವಳು ಕಾರ್ಮಿಕಳಲ್ಲ, ಈ ಕೇಸು ಕೇಳಲು ತಮಗೆ ಅಧಿಕಾರವಿಲ್ಲ ಎಂದು ಬರೆದಿದ್ದರು. ಹೈಕೋರ್ಟಿಗೆ ಹೋಗಬಹುದು, ಆದರೆ ಹೇಳಬೇಕಾದ ಕಡೆ ಹೇಳದ ಸಾಕ್ಷಿಯನ್ನು ಅಲ್ಲಿಗೆ ಎಲ್ಲಿಂದ ತರಲಿ ಎಂದರು ಲಾಯರಮ್ಮ. ತಂಗಿ ನನಗೆ, "ಜ್ವರ ಬಿಡ್ತಾ ಅಣ್ಣಾ?" ಎಂದಳು, ಅಷ್ಟೇ. ಬೈದಿದ್ದರೆ ಆ ತಿಂಗಳು ನನಗೆ ಊಟವಾದರೂ ಇಳಿಯುತ್ತಿತ್ತು.

ಕೊನೆಗೆ ಒಂದು ಭಾನುವಾರ ಅವಳ ಮನೆಗೆ ಹೋದೆ. ಮಾವ ಪೇಪರ್ ಓದುತ್ತಿದ್ದರು. ಅವಳ ಗಂಡನೂ ಅಲ್ಲೇ ಇದ್ದ. ತಂಗಿ ಕುರ್ಚಿ ಎಳೆದಳು. ಕೂರಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಇವಳು ಯಾವತ್ತೂ ಮ್ಯಾನೇಜರ್ ಆಗಿರಲಿಲ್ಲ, ಹಾಗಂತ ಇವಳು ಹೇಳಲೂ ಇಲ್ಲ. ಸುಳ್ಳು ಬರೆಸಿದೋನು ನಾನು. ನನಗೆ ಜ್ವರ ಬಂದಿರಲಿಲ್ಲ ಕಣೇ, ನಿಮ್ಮ ಮಾವನಿಗೆ ಹೆದರಿಕೊಂಡು ಬರಲಿಲ್ಲ. ನಿನ್ನ ಕೆಲಸ ನಾನೇ ಕಳೆದೆ. ತಪ್ಪಾಯ್ತು, ನನ್ನನ್ನ ಕ್ಷಮಿಸು."